ಹಬ್ಬದ ಸಿಹಿಯನ್ನು ಹಂಚಿದ ಬಡಸಂತ: ಅಸ್ಸಿಸಿಯ ಫ್ರಾನ್ಸಿಸ್

ಡಿಸೆಂಬರ್ ತಿಂಗಳ ಎರಡನೆಯ ವಾರ ಕಳೆಯುತ್ತಿದ್ದಂತೆ ಪುತ್ತೂರು, ಸುಳ್ಯ, ಕಡಬ ಪರಿಸರದ ನಮ್ಮ ಕ್ರೈಸ್ತ ಮನೆಗಳಲ್ಲಿ ಕುಸ್ವಾರಿನ ಸಿದ್ಧತೆ ಮೊದಲಾಗುತ್ತದೆ. ಒಂದು ಮನೆಯಲ್ಲಿ ತೆಂಗಿನಕಾಯಿ ತುರಿದು, ಎಳ್ಳು ಹುರಿದು ನೆವ್ರಿಗೆ ಹೂರಣ ಸಿದ್ಧವಾಗುತ್ತದೆ. ಇನ್ನೊಂದು ಮನೆಯಲ್ಲಿ ಮಕ್ಕಳೆಲ್ಲ ಸುತ್ತ ಕುಳಿತು ಹೊಸ ಬಾಚಣಿಗೆಯ ಬೆನ್ನಿಗೆ ಹಿಟ್ಟನ್ನೊತ್ತಿ ಕಿಡ್ಯೊ ಸುತ್ತುತ್ತಾರೆ. ಹೂವಿನ ಅಚ್ಚನ್ನು ಕಾದ ಎಣ್ಣೆಯಲ್ಲಿ ಅದ್ದಿ ಕೊಕ್ಕಿಸಾಂ ಬಿಡಿಸುವವರು, ಪೇರಳೆಹಣ್ಣಿನ ತಿರುಳನ್ನು ಸಕ್ಕರೆಯೊಡನೆ ಗಂಟೆಗಟ್ಟಲೆ ಕಾಯಿಸಿ ಪೆರಾದ್ ತಯಾರಿಸುವವರು, ಗುಳಿಯೊ, ಲಾಡು, ಚಕ್ಕುಲಿಗಳನ್ನು ಡಬ್ಬಿಗಳಲ್ಲಿ ತುಂಬಿಡುವವರು, ಹೀಗೆ ಎಲ್ಲರ ಕೈಗೂ ಕೆಲಸ.

ಮನೆಮನೆಗೆ ಓವನ್ ಬಂದ ಮೇಲೆ ಈ ಸಾಲಿಗೆ ಜಾಮ್ ಬಿಸ್ಕತ್ತೂ ಸೇರಿಕೊಂಡಿದೆ. ಮೈದಾ, ಬೆಣ್ಣೆ, ಸಕ್ಕರೆ ಮತ್ತು ಪುಡಿ ಮಾಡಿದ ಗೇರುಬೀಜವನ್ನು ಕಲಸಿ, ತೆಳುವಾಗಿ ಲಟ್ಟಿಸಿ, ದುಂಡಗೆ ಕತ್ತರಿಸಿ, ಅವುಗಳಲ್ಲಿ ಅರ್ಧದಷ್ಟಕ್ಕೆ ನಡುವೆ ನಕ್ಷತ್ರಾಕಾರದ ತೂತು ಮಾಡಿ ಬೇಯಿಸುತ್ತಾರೆ. ಆರಿದ ಬಳಿಕ ಎರಡೆರಡರ ನಡುವೆ ಅನಾನಸು ಅಥವಾ ಪೇರಳೆಯ ಜಾಮ್ ಸವರಿ ಜೋಡಿಸುತ್ತಾರೆ. ಜಾಮ್ ತೆಳುವಾಗಿದ್ದರೆ ಬಿಸ್ಕತ್ತು ಬೇಗನೆ ಮೆತ್ತಗಾಗುವುದರಿಂದ ಅದನ್ನು ಗಟ್ಟಿಯಾಗಿ ಕಾಯಿಸಿಕೊಂಡು, ಹಂಚುವ ದಿನಕ್ಕೆ ಸಮೀಪವಾಗಿಯೇ ಜೋಡಿಸುವುದು ಲೇಸು. ಆಸ್ಟ್ರಿಯಾ ದೇಶದ ಲಿಂಟ್ಸ್ ನಗರದ ಹೆಸರು ಹೊತ್ತ ಜಾಮ್ ಕೇಕಿನ ವಂಶಕ್ಕೆ ಸೇರಿದ ತಿನಿಸಿದು. ಆ ಕೇಕಿನ ಪಾಕಕ್ರಮ 1653ರಷ್ಟು ಹಿಂದಿನ ಹಸ್ತಪ್ರತಿಯೊಂದರಲ್ಲಿ ದೊರೆತಿದೆ. ಒಳಗೆ ಸಿಹಿಯನ್ನು ಅಡಗಿಸಿಕೊಂಡಿರುವ ನಮ್ಮ ನೆವ್ರಿಗೆ ಇದು ದೂರದ ನೆಂಟನೆಂದರೆ ತಪ್ಪಾಗದು.

ಹೀಗೆ ಸಿದ್ಧವಾದ ತಿಂಡಿಗಳು ಹಬ್ಬದ ದಿನಗಳಲ್ಲಿ ತಟ್ಟೆಗಳನ್ನೇರಿ ಮನೆಯಿಂದ ಮನೆಗೆ ಹೋಗುತ್ತವೆ. ಯಾವ ಮನೆಗೆ ಹೋಗುತ್ತವೆ ಎಂಬುದು ಮಾತ್ರ ನಾವು ಹೆಚ್ಚಾಗಿ ಯೋಚಿಸದ ವಿಷಯ. ಹೋದ ವರ್ಷ ನಮಗೆ ತಟ್ಟೆ ಕಳುಹಿಸಿದವರಿಗೆ ಈ ವರ್ಷ ನಾವು ಕಳುಹಿಸುತ್ತೇವೆ. ನಾವು ಕಳುಹಿಸಿದ್ದನ್ನು ನೆನಪಿಟ್ಟು ಅವರು ಮರಳಿಸುತ್ತಾರೆ. ಈ ವಿನಿಮಯದ ವೃತ್ತದ ಹೊರಗೆ ಉಳಿದವರು ಹೊರಗೇ ಉಳಿಯುತ್ತಾರೆ. ಈ ಸಂದರ್ಭದಲ್ಲಿ ನಾವು ಸ್ಮರಿಸಬೇಕಾದ ಒಬ್ಬ ಸಂತರಿದ್ದಾರೆ. ಬಡತನಕ್ಕೆ, ಉಪವಾಸಕ್ಕೆ ಹೆಸರಾದ ಅವರು ಹಬ್ಬದ ಊಟದ ಕುರಿತು, ಅದನ್ನು ಯಾರೊಡನೆ ಉಣ್ಣಬೇಕೆಂಬುದರ ಕುರಿತು ಕಲಿಸಿದಷ್ಟನ್ನು ಕಲಿಸಿದವರು ವಿರಳ. ಅವರೇ ಅಸ್ಸಿಸಿಯ ಸಂತ ಫ್ರಾನ್ಸಿಸ್.

ಔತಣಕೂಟಗಳ ನಾಯಕ

ಇಟಲಿಯ ಉಂಬ್ರಿಯಾ ಪ್ರಾಂತದ ಅಸ್ಸಿಸಿ ಎಂಬ ಗುಡ್ಡದ ಮೇಲಿನ ಪಟ್ಟಣದಲ್ಲಿ 1181 ಅಥವಾ 1182ರಲ್ಲಿ ಫ್ರಾನ್ಸಿಸರು ಜನಿಸಿದರು. ತಂದೆ ಪಿಯೆತ್ರೊ ಬೆರ್ನಾರ್ದೋನೆ ಸ್ಥಿತಿವಂತ ಬಟ್ಟೆ ವ್ಯಾಪಾರಿ. ತಾಯಿ ಪೀಕಾ. ಜ್ಞಾನಸ್ನಾನದಲ್ಲಿ ಮಗುವಿಗೆ ಜೊವಾನ್ನಿ ಎಂಬ ಹೆಸರನ್ನಿಡಲಾಗಿತ್ತು. ವ್ಯಾಪಾರಕ್ಕಾಗಿ ಫ್ರಾನ್ಸಿಗೆ ಹೋಗಿದ್ದ ತಂದೆ ಮರಳಿ ಬಂದು ಮಗನನ್ನು ಫ್ರಾನ್ಚೆಸ್ಕೊ ಎಂದು ಕರೆದನು. ಆ ಹೆಸರೇ ಸ್ಥಿರವಾಯಿತು.

ಹಣಕ್ಕೆ ಕೊರತೆಯಿಲ್ಲದ ಮನೆಯಲ್ಲಿ ಬೆಳೆದ ತರುಣ ಫ್ರಾನ್ಸಿಸರು ಊರಿನ ಯುವಕರ ಔತಣಕೂಟಗಳಿಗೆ ನಾಯಕರಾಗಿದ್ದರು. ಉತ್ತಮ ಉಡುಪು, ಉತ್ತಮ ಭೋಜನ, ರಾತ್ರಿಯಿಡೀ ಬೀದಿಗಳಲ್ಲಿ ಹಾಡು, ಇದು ಅವರ ದಿನಚರಿ. ಕೈ ಬಿಚ್ಚಿ ಖರ್ಚು ಮಾಡುವ ಸ್ವಭಾವದಿಂದ ಗೆಳೆಯರಿಗೆ ಅವರೆಂದರೆ ಅಚ್ಚುಮೆಚ್ಚು. ಆದರೆ ಆ ಔದಾರ್ಯ ತನ್ನಂಥವರ ವಲಯವನ್ನು ದಾಟಿ ಹೋಗುತ್ತಿದ್ದುದು ಅಪರೂಪ. ಒಮ್ಮೆ ಅಂಗಡಿಯಲ್ಲಿ ವ್ಯವಹಾರದ ಗಡಿಬಿಡಿಯಲ್ಲಿದ್ದಾಗ ದೇವರ ಹೆಸರಿನಲ್ಲಿ ಭಿಕ್ಷೆ ಬೇಡಿದ ಬಡವನೊಬ್ಬನನ್ನು ಬರಿಗೈಯಲ್ಲಿ ಕಳುಹಿಸಿಬಿಟ್ಟರು. ಅದೇ ಬಡವನು ಯಾರೋ ಶ್ರೀಮಂತನ ಹೆಸರು ಹೇಳಿ ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆನಲ್ಲವೆ ಎಂಬ ವಿಚಾರ ಆಗ ಅವರ ಮನಸ್ಸನ್ನು ಚುಚ್ಚಿತು.

1202ರಲ್ಲಿ ನೆರೆಯ ಪೆರುಜಾ ನಗರದೊಡನೆ ನಡೆದ ಯುದ್ಧದಲ್ಲಿ ಅಸ್ಸಿಸಿ ಸೋತಿತು. ಫ್ರಾನ್ಸಿಸರು ಸೆರೆಯಾಳಾದರು. ಸುಮಾರು ಒಂದು ವರ್ಷದ ಸೆರೆವಾಸ, ಅದರ ಬೆನ್ನಿಗೆ ದೀರ್ಘ ಕಾಯಿಲೆ, ಅವರ ಬಾಳಿನ ದಿಕ್ಕನ್ನು ಬದಲಿಸತೊಡಗಿದವು. ಮತ್ತೊಮ್ಮೆ ಯೋಧನಾಗಲು ಹೊರಟು, ಸ್ಪೊಲೇತೊ ಎಂಬಲ್ಲಿಂದ ಹಿಂದಿರುಗಿದರು. ಕುಷ್ಠರೋಗಿಗಳನ್ನು ದೂರದಿಂದ ಕಂಡರೂ ಮೂಗು ಮುಚ್ಚಿಕೊಳ್ಳುತ್ತಿದ್ದ ಅವರು, ದಾರಿಯಲ್ಲಿ ಎದುರಾದ ಒಬ್ಬ ರೋಗಿಯ ಬಳಿಗೆ ಕುದುರೆಯಿಂದಿಳಿದು ಹೋಗಿ, ನಾಣ್ಯ ಕೊಟ್ಟು, ಅವನ ಕೈಗೆ ಮುತ್ತಿಟ್ಟರು. ಕಹಿಯಾಗಿದ್ದುದು ಅಂದಿನಿಂದ ತಮಗೆ ಸಿಹಿಯಾಯಿತೆಂದು ಅವರು ತಮ್ಮ ಕಡೆಗಾಲದಲ್ಲಿ ನೆನೆದುಕೊಂಡರು.

ಭಿಕ್ಷೆಯ ಬಟ್ಟಲು

ಸಾನ್ ದಾಮಿಯಾನೊ ಎಂಬ ಪಾಳುಬಿದ್ದ ಇಗರ್ಜಿಯ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ, ತನ್ನ ಮನೆಯನ್ನು ದುರಸ್ತಿಗೊಳಿಸೆಂಬ ದೈವವಾಣಿ ಫ್ರಾನ್ಸಿಸರಿಗೆ ಕೇಳಿಸಿತು. ತಂದೆಯ ಅಂಗಡಿಯ ಬಟ್ಟೆಯನ್ನು ಫೊಲಿನ್ಯೊ ಪೇಟೆಯಲ್ಲಿ ಮಾರಿ ಆ ಹಣವನ್ನು ಇಗರ್ಜಿಗೆ ಕೊಡಲು ಹೋದರು. ತಂದೆ ಕೆರಳಿದನು. ವ್ಯಾಜ್ಯ ಬಿಷಪ್ ಗ್ವೀದೊ ಅವರ ಮುಂದೆ ಬಂದಾಗ, 1206ರಲ್ಲಿ, ಫ್ರಾನ್ಸಿಸರು ಹಣವನ್ನಷ್ಟೇ ಅಲ್ಲ, ಮೈಮೇಲಿನ ಬಟ್ಟೆಗಳನ್ನೂ ತೆಗೆದು ತಂದೆಗೆ ಒಪ್ಪಿಸಿ, ಇನ್ನು ಮುಂದೆ ಪರಲೋಕದ ತಂದೆಯೊಬ್ಬನೇ ತನಗೆ ತಂದೆಯೆಂದು ಸಾರಿದರು. ಬಿಷಪರು ತಮ್ಮ ನಿಲುವಂಗಿಯನ್ನು ಅವರಿಗೆ ಹೊದಿಸಿದರು.

ಈ ಘಟನೆ ಎಲ್ಲರಿಗೂ ಗೊತ್ತು. ಇದರ ನಂತರ ನಡೆದುದು ಅಷ್ಟಾಗಿ ಗೊತ್ತಿಲ್ಲ. ಸಾನ್ ದಾಮಿಯಾನೊದ ಬಡ ಗುರುಗಳು ಈ ಸಿರಿವಂತರ ಮಗನ ಮೇಲೆ ಕನಿಕರಪಟ್ಟು ಅವರಿಗಾಗಿ ರುಚಿಯಾದ ಅಡುಗೆ ಮಾಡಿಸುತ್ತಿದ್ದರು. ಹೋದಲ್ಲೆಲ್ಲ ಇಂಥ ಗುರುಗಳು ದೊರಕುವರೆ ಎಂದು ತಮ್ಮನ್ನೇ ಕೇಳಿಕೊಂಡ ಫ್ರಾನ್ಸಿಸರು, ಒಂದು ದಿನ ಬಟ್ಟಲು ಹಿಡಿದು ಅಸ್ಸಿಸಿಯ ಮನೆಬಾಗಿಲುಗಳಿಗೆ ಹೋದರು. ಯಾವ ಬೀದಿಗಳಲ್ಲಿ ಔತಣಕೂಟಗಳ ನಾಯಕರಾಗಿ ಹಾಡುತ್ತ ನಡೆದಿದ್ದರೋ ಅದೇ ಬೀದಿಗಳವು. ಒಂದು ಮನೆಯ ಎಂಜಲು, ಇನ್ನೊಂದು ಮನೆಯ ಹಳಸಲು, ಎಲ್ಲವೂ ಒಂದೇ ಬಟ್ಟಲಲ್ಲಿ ಕಲಸಿಹೋದವು. ಅದನ್ನು ನೋಡಿದೊಡನೆ ಅವರಿಗೆ ಹೇಸಿಗೆಯಾಯಿತು. ಕಣ್ಣು ಮುಚ್ಚಿ, ಮನಸ್ಸು ಗಟ್ಟಿ ಮಾಡಿ ಒಂದು ತುತ್ತು ಬಾಯಿಗಿಟ್ಟರು. ಹಿಂದಿನ ಯಾವ ಔತಣವೂ ಅಷ್ಟು ರುಚಿಸಿರಲಿಲ್ಲವೆಂದು ಆಗ ಅವರಿಗೆ ತೋರಿತೆಂದು ಅವರ ಚರಿತ್ರಕಾರರು ಬರೆದಿದ್ದಾರೆ.

ಕೊಡುವವನಾಗಿದ್ದ ಫ್ರಾನ್ಸಿಸರು ಅಂದು ಪಡೆಯುವವನ ಅನುಭವವನ್ನು ಕಲಿತರು. ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೈನೀಡುವುದು ಎಂಥ ಸಂಕೋಚದ ಕೆಲಸವೆಂಬುದನ್ನು ಬಲ್ಲವನು ಮಾತ್ರ ಸಂಕೋಚವಾಗದಂತೆ ಕೊಡಬಲ್ಲನು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅವರು ನಡೆದುಕೊಂಡ ರೀತಿಗೆ ಈ ಬಟ್ಟಲೇ ಪಾಠಶಾಲೆ.

ನಡುರಾತ್ರಿಯ ಊಟ

ಮೊದಲ ಸಂಗಾತಿಯಾಗಿ ಬಂದವರು ಅಸ್ಸಿಸಿಯ ಶ್ರೀಮಂತ ಬೆರ್ನಾರ್ದ್. ತಮ್ಮ ಆಸ್ತಿಯನ್ನೆಲ್ಲ ಮಾರಿ ಬಡವರಿಗೆ ಹಂಚಿ ಅವರು ಫ್ರಾನ್ಸಿಸರನ್ನು ಹಿಂಬಾಲಿಸಿದರು. ಕೆಲವೇ ದಿನಗಳಲ್ಲಿ ಇನ್ನೂ ಹಲವರು ಸೇರಿದರು. 1209ರಲ್ಲಿ ಜಗದ್ಗುರು ಮೂರನೆಯ ಇನ್ನೊಸೆಂಟ್ ಅವರ ಜೀವನಕ್ರಮಕ್ಕೆ ಬಾಯಿಮಾತಿನ ಒಪ್ಪಿಗೆಯನ್ನಿತ್ತರು. ಕಿರಿಯ ಸೋದರರೆಂದು ಅವರು ತಮ್ಮನ್ನು ಕರೆದುಕೊಂಡರು. ಬಳಿಕ ಅಸ್ಸಿಸಿಯ ಕುಲೀನ ಕನ್ಯೆ ಕ್ಲಾರಾ ಇದೇ ಮಾರ್ಗವನ್ನು ಹಿಡಿದರು. ಅವರಿಂದ ಸಂನ್ಯಾಸಿನಿಯರ ಸಭೆ ಹುಟ್ಟಿತು.

ರಿವೊತೊರ್ತೊ ಎಂಬಲ್ಲಿ ಒಂದು ಮುರುಕು ಗುಡಿಸಲಿನಲ್ಲಿ ಸೋದರರು ವಾಸವಾಗಿದ್ದ ಕಾಲ. ಒಂದು ರಾತ್ರಿ ಎಲ್ಲರೂ ಮಲಗಿದ್ದಾಗ ಒಬ್ಬ ಸೋದರ ತಾನು ಸಾಯುತ್ತಿದ್ದೇನೆಂದು ಕೂಗಿಕೊಂಡನು. ದೀಪ ಹಚ್ಚಿ ವಿಚಾರಿಸಿದಾಗ ಅತಿಯಾದ ಉಪವಾಸದಿಂದ ಹಸಿವು ತಾಳಲಾರದೆ ಕೂಗಿದನೆಂದು ತಿಳಿಯಿತು. ಫ್ರಾನ್ಸಿಸರು ಅವನನ್ನು ಗದರಿಸಲಿಲ್ಲ. ಅವನೊಬ್ಬನಿಗೇ ಬಡಿಸಿ ಉಳಿದವರೆಲ್ಲ ನೋಡುತ್ತ ನಿಲ್ಲಲೂ ಇಲ್ಲ. ಇದ್ದ ಅಲ್ಪಸ್ವಲ್ಪ ಆಹಾರವನ್ನು ತೆಗೆಸಿ, ಎಲ್ಲ ಸೋದರರನ್ನೂ ಎಬ್ಬಿಸಿ ಕೂರಿಸಿ, ತಾವೂ ಅವನ ಜೊತೆ ಉಂಡರು. ಹಸಿದವನು ತಾನೊಬ್ಬನೇ ಉಣ್ಣುತ್ತಿದ್ದೇನೆಂದು ನಾಚಿಕೊಳ್ಳಬಾರದೆಂಬುದೇ ಅದರ ಉದ್ದೇಶ. ಇನ್ನೊಮ್ಮೆ, ಕಾಯಿಲೆಯಿಂದ ಸೊರಗಿದ್ದ ವೃದ್ಧ ಸೋದರನೊಬ್ಬನಿಗೆ ದ್ರಾಕ್ಷಿ ತಿಂದರೆ ಚೇತರಿಕೆಯಾದೀತೆಂದು ತೋರಿದಾಗ, ಫ್ರಾನ್ಸಿಸರು ಮುಂಜಾನೆ ಅವನನ್ನು ಗುಟ್ಟಾಗಿ ದ್ರಾಕ್ಷಿಯ ತೋಟಕ್ಕೆ ಕರೆದೊಯ್ದು, ಬಳ್ಳಿಯ ಬಳಿ ಕುಳಿತು ತಾವೇ ಮೊದಲು ತಿನ್ನತೊಡಗಿದರು.

ಇಷ್ಟಾದರೂ ತಮ್ಮ ವಿಷಯದಲ್ಲಿ ಅವರು ಕಠೋರರು. ಊಟ ರುಚಿಯಾಗಿದ್ದರೆ ಅದಕ್ಕೆ ಬೂದಿಯನ್ನೋ ತಣ್ಣೀರನ್ನೋ ಬೆರೆಸಿ ರುಚಿ ಕೆಡಿಸಿಕೊಳ್ಳುತ್ತಿದ್ದರು. 1223ರ ನವೆಂಬರ್ 29ರಂದು ಜಗದ್ಗುರು ಮೂರನೆಯ ಹೊನೊರಿಯುಸ್ ದೃಢೀಕರಿಸಿದ ಅವರ ಸಭೆಯ ನಿಯಮಾವಳಿಯಲ್ಲಿ ಸರ್ವಸಂತರ ಹಬ್ಬದಿಂದ ಕ್ರಿಸ್ಮಸಿನವರೆಗೆ ಉಪವಾಸವಿರಬೇಕೆಂಬ ವಿಧಿಯಿದೆ. ಅದೇ ನಿಯಮದಲ್ಲಿ, ಸಂಚಾರದಲ್ಲಿರುವಾಗ ಯಾರ ಮನೆಗೆ ಹೋದರೂ ಮುಂದಿಟ್ಟದ್ದನ್ನು ತಿನ್ನಬಹುದೆಂಬ ಶುಭಸಂದೇಶದ ಮಾತಿಗೂ ಸ್ಥಾನವಿದೆ. ಉಪವಾಸ ತನಗಾಗಿ. ಆತಿಥ್ಯ ಕೊಡುವವನ ಸಂತೋಷಕ್ಕಾಗಿ. ಎರಡನ್ನೂ ಅವರು ಬೆರೆಸಲಿಲ್ಲ.

ಗ್ರೆಚ್ಚೊದ ಕ್ರಿಸ್ಮಸ್

ನಿಯಮಾವಳಿಗೆ ಮುದ್ರೆ ಬಿದ್ದು ಒಂದು ತಿಂಗಳೂ ಆಗಿರಲಿಲ್ಲ. ಕ್ರಿಸ್ಮಸಿಗೆ ಸುಮಾರು ಹದಿನೈದು ದಿನಗಳಿರುವಾಗ ಫ್ರಾನ್ಸಿಸರು ಗ್ರೆಚ್ಚೊ ಎಂಬ ಬೆಟ್ಟದೂರಿನ ಜೊವಾನ್ನಿ ಎಂಬ ಸಜ್ಜನನನ್ನು ಕರೆಸಿದರು. ಬೆತ್ಲೆಹೇಮಿನಲ್ಲಿ ಹುಟ್ಟಿದ ಬಾಲಯೇಸು ಅನುಭವಿಸಿದ ಕೊರತೆಯನ್ನು ಕಣ್ಣಾರೆ ಕಾಣುವ ಆಸೆ ತಮಗಿದೆಯೆಂದು ತಿಳಿಸಿ, ಒಂದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ, ಇಷ್ಟನ್ನು ಸಿದ್ಧಪಡಿಸಲು ಹೇಳಿದರು. ನಮ್ಮ ಇಗರ್ಜಿಗಳಲ್ಲಿ, ಮನೆಗಳಲ್ಲಿ ಕಟ್ಟುವ ಗೋದಲಿಗಳಿಗೆಲ್ಲ ಆ ರಾತ್ರಿಯೇ ಪ್ರೇರಣೆ.

ಸುತ್ತಲಿನ ಹಳ್ಳಿಗಳ ಗಂಡಸರು, ಹೆಂಗಸರು ಪಂಜುಗಳನ್ನೂ ಮೇಣದ ಬತ್ತಿಗಳನ್ನೂ ಹಿಡಿದು ಬೆಟ್ಟವೇರಿದರು. ಮೇವಿನ ತೊಟ್ಟಿಯ ಮೇಲೆಯೇ ಬಲಿಪೂಜೆ ನೆರವೇರಿತು. ಫ್ರಾನ್ಸಿಸರು ಗುರುದೀಕ್ಷೆ ಪಡೆದವರಲ್ಲ, ಸೇವಾದೀಕ್ಷೆ ಪಡೆದವರು. ಅಂದು ಶುಭಸಂದೇಶವನ್ನು ಹಾಡಿದವರೂ ಪ್ರವಚನ ನೀಡಿದವರೂ ಅವರೇ. ಬೆತ್ಲೆಹೇಮ್ ಎಂಬ ಹೆಸರನ್ನು ಕುರಿಮರಿಯ ದನಿಯಲ್ಲಿ ಉಚ್ಚರಿಸುತ್ತ, ಯೇಸು ಎಂಬ ನಾಮ ಬಂದಾಗಲೆಲ್ಲ ಸಿಹಿಯನ್ನು ಸವಿಯುವವರಂತೆ ತುಟಿ ನೆಕ್ಕಿಕೊಳ್ಳುತ್ತಿದ್ದರೆಂದು ಅವರ ಮೊದಲ ಚರಿತ್ರಕಾರರಾದ ಚೆಲಾನೊದ ಥಾಮಸ್ ದಾಖಲಿಸಿದ್ದಾರೆ. ಊಟಕ್ಕೆ ಬೂದಿ ಬೆರೆಸುತ್ತಿದ್ದ ನಾಲಿಗೆ ಆ ರಾತ್ರಿ ಸವಿದ ಸಿಹಿ ಅದು.

ಕ್ರಿಸ್ಮಸನ್ನು ಅವರು ಹಬ್ಬಗಳ ಹಬ್ಬವೆಂದು ಭಾವಿಸಿದ್ದರು. ಒಂದು ವರ್ಷ ಆ ಹಬ್ಬ ಶುಕ್ರವಾರ ಬಂತು. ಮಾಂಸ ತ್ಯಜಿಸಬೇಕೆ ಎಂಬ ಚರ್ಚೆ ಸೋದರರಲ್ಲಿ ಎದ್ದಾಗ, ಅಂಥ ದಿನ ಗೋಡೆಗಳೂ ಮಾಂಸ ತಿನ್ನಬೇಕು, ತಿನ್ನಲಾರದಿದ್ದರೆ ಅವುಗಳಿಗೆ ಹೊರಗಿನಿಂದಲಾದರೂ ಸವರಬೇಕೆಂದು ಹೇಳಿ ಚರ್ಚೆಯನ್ನು ಮುಗಿಸಿದರು. ಚಕ್ರವರ್ತಿಯೊಡನೆ ಮಾತನಾಡುವ ಅವಕಾಶ ದೊರೆತರೆ ಒಂದು ಶಾಸನವನ್ನು ಬೇಡುವುದಾಗಿಯೂ ಅವರು ಹೇಳುತ್ತಿದ್ದರು. ಆ ದಿನ ಅನುಕೂಲಸ್ಥರು ಬಡವರಿಗೆ ಹೊಟ್ಟೆತುಂಬ ಉಣಬಡಿಸಬೇಕು, ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕು, ದಾರಿಗಳಲ್ಲಿ ಕಾಳು ಚೆಲ್ಲಿ ಬಾನಾಡಿ ಹಕ್ಕಿಗಳಿಗೂ ಹಬ್ಬವಾಗಿಸಬೇಕು ಎಂಬುದು ಅದರ ಸಾರ.

ಈ ಬೇಡಿಕೆಯ ಹಿಂದಿನ ಭಾವವನ್ನು ಇನ್ನೊಂದು ಪ್ರಸಂಗ ಸ್ಪಷ್ಟಪಡಿಸುತ್ತದೆ. ಅದು ನಡೆದುದು ಕ್ರಿಸ್ಮಸಿನಂದು ಎಂದು ಒಂದು ಹಳೆಯ ಸಂಗ್ರಹ ಹೇಳಿದರೆ, ಈಸ್ಟರಿನಂದು ಎಂದು ಥಾಮಸ್ ಬರೆಯುತ್ತಾರೆ. ಗ್ರೆಚ್ಚೊದ ಸೋದರರು ಹಬ್ಬಕ್ಕೆಂದು ಎತ್ತರದ ಮೇಜಿಗೆ ಬಿಳಿಯ ವಸ್ತ್ರ ಹಾಸಿ, ಗಾಜಿನ ಪಾತ್ರೆಗಳನ್ನು ಜೋಡಿಸಿದ್ದರು. ಫ್ರಾನ್ಸಿಸರು ಒಬ್ಬ ಬಡ ಯಾತ್ರಿಕನ ಟೊಪ್ಪಿ ಧರಿಸಿ, ಕೋಲು ಹಿಡಿದು ಹೊರಗೆ ಕಾದಿದ್ದು, ಊಟ ಮೊದಲಾದಾಗ ಬಾಗಿಲಲ್ಲಿ ನಿಂತು ದೇವರ ಹೆಸರಿನಲ್ಲಿ ಭಿಕ್ಷೆ ಬೇಡಿದರು. ಒಳಗೆ ಕರೆದಾಗ ತಮ್ಮ ಬಟ್ಟಲನ್ನು ಹಿಡಿದು ಬೆಂಕಿಯ ಬಳಿ ನೆಲದ ಮೇಲೆ ಕುಳಿತರು. ಮೇಜಿನ ಮೇಲಿದ್ದವರ ತುತ್ತು ಗಂಟಲಲ್ಲಿ ನಿಂತಿತು. ಅವರು ಊಟವನ್ನು ನಿಷೇಧಿಸಲಿಲ್ಲ. ಹಬ್ಬದ ಮೇಜು ಎಷ್ಟು ಎತ್ತರವಾದರೆ ನೆಲದ ಮೇಲಿರುವವನು ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನಷ್ಟೇ ತೋರಿಸಿದರು.

ಜಾಕೋಬಾ ಅಮ್ಮನವರ ಬದಾಮಿನ ತಿಂಡಿ

ರೋಮಿನಲ್ಲಿ ಫ್ರಾಂಜಿಪಾನೆ ಎಂಬ ಪ್ರಬಲ ಮನೆತನದ ಸೊಸೆ ಜಾಕೋಬಾ ಎಂಬವರಿದ್ದರು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ಇಬ್ಬರು ಗಂಡುಮಕ್ಕಳನ್ನು ಸಾಕುತ್ತಿದ್ದ ಈ ತಾಯಿ ಫ್ರಾನ್ಸಿಸರಿಗೆ ಭಕ್ತಿಯಿಂದ ಆತಿಥ್ಯ ನೀಡುತ್ತಿದ್ದರು. ಅವರ ದೃಢತೆಯನ್ನು ಮೆಚ್ಚಿ ಫ್ರಾನ್ಸಿಸರು ಅವರನ್ನು ಸೋದರ ಜಾಕೋಬಾ ಎಂದೇ ಕರೆಯುತ್ತಿದ್ದರು. ಒಮ್ಮೆ ಒಂದು ಕುರಿಮರಿಯನ್ನೂ ಅವರಿಗೆ ಕೊಟ್ಟಿದ್ದರು. ರೋಮಿನಲ್ಲಿ ಫ್ರಾನ್ಸಿಸರಿಗೆ ಕಾಯಿಲೆಯಾದಾಗ ಈ ಅಮ್ಮನವರು ಮಾಡಿಕೊಡುತ್ತಿದ್ದ ಒಂದು ಸಿಹಿತಿಂಡಿಯಿತ್ತು. ಬದಾಮಿಗೆ ಸಕ್ಕರೆ ಅಥವಾ ಜೇನು ಮತ್ತಿತರ ವಸ್ತುಗಳನ್ನು ಸೇರಿಸಿ ತಯಾರಿಸುವ ಇದನ್ನು ರೋಮಿನವರು ಮೊಸ್ತಾಚೊಲೊ ಎನ್ನುತ್ತಿದ್ದರು.

ವರ್ಷಗಳು ಕಳೆದವು. 1219ರಲ್ಲಿ ಧರ್ಮಯುದ್ಧದ ನಡುವೆ ಈಜಿಪ್ಟಿಗೆ ಹೋಗಿ, ಆಯುಧವಿಲ್ಲದೆ ಸುಲ್ತಾನ ಅಲ್ ಕಾಮಿಲರನ್ನು ಕಂಡು, ಗೌರವ ಪಡೆದು ಬಂದ ಫ್ರಾನ್ಸಿಸರಿಗೆ ಕಣ್ಣಿನ ಬೇನೆ ಅಂಟಿಕೊಂಡಿತು. 1224ರ ಸೆಪ್ಟೆಂಬರಿನಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಧ್ಯಾನಮಗ್ನರಾಗಿದ್ದಾಗ ಯೇಸುಸ್ವಾಮಿಯ ಪಂಚಗಾಯಗಳು ಅವರ ದೇಹದಲ್ಲಿ ಮೂಡಿದವು. ಕಣ್ಣಿನ ಚಿಕಿತ್ಸೆಗಾಗಿ ವೈದ್ಯರು ಕಾದ ಕಬ್ಬಿಣದಿಂದ ಅವರ ಕೆನ್ನೆ ಹುಬ್ಬುಗಳ ನಡುವೆ ಸುಟ್ಟರು. ಅದೂ ಫಲಿಸಲಿಲ್ಲ.

1226ರ ಶರತ್ಕಾಲದಲ್ಲಿ, ಅಸ್ಸಿಸಿಯ ತಪ್ಪಲಿನ ಪೊರ್ಜಿಯುಂಕೊಲಾ ಎಂಬ ತಮ್ಮ ಪ್ರೀತಿಯ ಪುಟ್ಟ ಇಗರ್ಜಿಯ ಬಳಿ ಫ್ರಾನ್ಸಿಸರು ಮರಣಶಯ್ಯೆಯಲ್ಲಿದ್ದರು. ಜಾಕೋಬಾ ಅಮ್ಮನವರಿಗೆ ಒಂದು ಓಲೆ ಬರೆಸಿದರು. ದೇಹವನ್ನು ಸುತ್ತಲು ಬೂದುಬಣ್ಣದ ಬಟ್ಟೆ, ಅಂತ್ಯಕ್ರಿಯೆಗೆ ಮೇಣದ ಬತ್ತಿ, ಅವುಗಳೊಡನೆ ರೋಮಿನಲ್ಲಿ ಕಾಯಿಲೆಯಿದ್ದಾಗ ಮಾಡಿಕೊಡುತ್ತಿದ್ದ ಆ ತಿಂಡಿ, ಇಷ್ಟನ್ನು ತರಬೇಕೆಂಬುದೇ ಓಲೆಯ ವಿಷಯ. ಓಲೆಯವನು ಇನ್ನೂ ಹೊರಟಿರಲಿಲ್ಲ, ಅಷ್ಟರಲ್ಲಿ ಬಾಗಿಲಲ್ಲಿ ಕುದುರೆಗಳ ಸಪ್ಪಳ ಕೇಳಿಸಿತು. ಜಾಕೋಬಾ ತಮ್ಮ ಮಕ್ಕಳೊಡನೆ ಬಂದಿದ್ದರು. ಪ್ರಾರ್ಥನೆಯಲ್ಲಿ ದೊರೆತ ಪ್ರೇರಣೆಯಂತೆ ಓಲೆಯಲ್ಲಿದ್ದ ವಸ್ತುಗಳನ್ನು ಕೇಳದೆಯೇ ತಂದಿದ್ದರು. ಸ್ತ್ರೀಯರು ಆ ಮಠದೊಳಗೆ ಬರಬಾರದೆಂಬ ನಿಯಮವಿತ್ತು. ಸೋದರ ಜಾಕೋಬಾ ಅವರಿಗೆ ಆ ನಿಯಮ ಅನ್ವಯಿಸದೆಂದು ಫ್ರಾನ್ಸಿಸರು ಬಾಗಿಲು ತೆರೆಸಿದರು.

ಅಮ್ಮನವರು ತಿಂಡಿ ಸಿದ್ಧಪಡಿಸಿ ಕೊಟ್ಟರು. ಜೀವಮಾನವೆಲ್ಲ ರುಚಿಯನ್ನು ಬೂದಿಯಿಂದ ಮುಚ್ಚಿದ್ದ ಸಂತರು ಅದನ್ನು ಪ್ರೀತಿಯಿಂದ ಸ್ವೀಕರಿಸಿದರು. ಆದರೆ ದೇಹ ಸೋತುಹೋಗಿತ್ತು. ಸ್ವಲ್ಪ ಮಾತ್ರ ರುಚಿ ನೋಡಲು ಸಾಧ್ಯವಾಯಿತು. ಆ ತಿಂಡಿ ಬಾಯಲ್ಲಿರುವಾಗ ಅವರಿಗೆ ನೆನಪಾದುದು ಬೆರ್ನಾರ್ದ್. ಇದು ಬೆರ್ನಾರ್ದನಿಗೆ ಇಷ್ಟವಾದೀತೆಂದು ಹೇಳಿ ಅವರನ್ನು ಕರೆಸಿದರು. ಸುಮಾರು ಹದಿನೆಂಟು ವರ್ಷಗಳ ಹಿಂದೆ ತಮ್ಮ ಸಂಪತ್ತನ್ನೆಲ್ಲ ಬಡವರಿಗೆ ಹಂಚಿ ಬಂದಿದ್ದ ಮೊದಲ ಸಂಗಾತಿ ಹಾಸಿಗೆಯ ಬಳಿ ಕುಳಿತರು. ಫ್ರಾನ್ಸಿಸರು ಅವರ ತಲೆಯ ಮೇಲೆ ಕೈಯಿಟ್ಟು ಹರಸಿದರು. ಕೊನೆಯ ದಿನಗಳ ಆ ಸಿಹಿಯನ್ನೂ ಅವರು ಒಬ್ಬರೇ ತಿನ್ನಲಿಲ್ಲ.

ಅಕ್ಟೋಬರ್ 3ರ ಸಂಜೆ ಅವರು ದೇವರಡಿ ಸೇರಿದರು. 1228ರ ಜುಲೈ 16ರಂದು ಜಗದ್ಗುರು ಒಂಬತ್ತನೆಯ ಗ್ರೆಗೊರಿ ಅವರನ್ನು ಸಂತರೆಂದು ಸಾರಿದರು. ಅಕ್ಟೋಬರ್ 4 ಅವರ ಹಬ್ಬದ ದಿನ. ಅಸ್ಸಿಸಿಯ ಮಹಾದೇವಾಲಯದಲ್ಲಿ ಫ್ರಾನ್ಸಿಸರ ಸಮಾಧಿಯ ಸಮೀಪದಲ್ಲೇ ಜಾಕೋಬಾ ಅಮ್ಮನವರ ಅವಶೇಷಗಳೂ ಇವೆ. ಅವರ ಬದಾಮಿನ ತಿಂಡಿಯನ್ನು ಇಂದಿಗೂ ಇಟಲಿಯಲ್ಲಿ ಸಂತರ ಹಬ್ಬದ ಸಮಯದಲ್ಲಿ ಮಾಡಿ ಹಂಚುವುದುಂಟು. 2026 ಸಂತರ ಮರಣದ 800ನೆಯ ವರ್ಷ.

ನೇತ್ರಾವತಿಯ ದಂಡೆಗೆ

ಅಸ್ಸಿಸಿಗೂ ನಮ್ಮ ಊರುಗಳಿಗೂ ಇರುವ ಸಂಬಂಧ ಬರಿಯ ಭಕ್ತಿಯದಷ್ಟೇ ಅಲ್ಲ, ಚರಿತ್ರೆಯದೂ ಹೌದು. ಸುಬ್ರಹ್ಮಣ್ಯ, ಕಡಬದ ಸೀಮೆಯಲ್ಲಿ ಹರಿದು ಬರುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಆ ನೀರು ಬಂಟ್ವಾಳವನ್ನು ದಾಟಿ ಮಂಗಳೂರಿಗೆ ಹೋಗುವ ದಾರಿಯಲ್ಲಿ ಫರಂಗಿಪೇಟೆಯಿದೆ. ಅಲ್ಲಿ 1526ರಲ್ಲಿ ಪೋರ್ಚುಗೀಸ್ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಮೊಂತೆ ಮಾರಿಯಾನೊ ಇಗರ್ಜಿಯನ್ನು ಸ್ಥಾಪಿಸಿದರು. ಅದು ಅಸ್ಸಿಸಿಯ ಸಂತ ಫ್ರಾನ್ಸಿಸರಿಗೇ ಅರ್ಪಿತವಾದುದು. ಅಂದರೆ ಈ ಜಿಲ್ಲೆಯಲ್ಲಿ ಕಥೋಲಿಕ ಧರ್ಮದ ಬೀಜ ಬಿತ್ತಿದವರು ಇದೇ ಬಡಸಂತರ ಮಕ್ಕಳು. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆಯ ಬಳಿಕ ಮರಳಿದ ಕುಟುಂಬಗಳು ಮತ್ತೆ ನೆಲೆ ಕಂಡುಕೊಂಡವು. 1830ರಲ್ಲಿ ಪುತ್ತೂರಿನಲ್ಲಿ ಮಾಯ್ ದೆ ದೇವುಸ್ ಇಗರ್ಜಿ ಸ್ಥಾಪನೆಯಾಯಿತು. ಸುಳ್ಯದ ಸಂತ ಬ್ರಿಜಿತ್, ಕಡಬದ ಸಂತ ಜೋಕಿಮ್ ಧರ್ಮಕೇಂದ್ರಗಳು ಈ ಸೀಮೆಯ ವಿಶ್ವಾಸಿಗಳ ನೆಲೆಗಳಾದವು. ಕೇರಳದಿಂದ ಬಂದು ಗುಡ್ಡಗಳಲ್ಲಿ ರಬ್ಬರ್ ಬೆಳೆಸಿದ ಸಿರಿಯನ್ ಸಂಪ್ರದಾಯದ ಕುಟುಂಬಗಳು ತಮ್ಮ ಕೇಕನ್ನೂ ಅಪ್ಪವನ್ನೂ ಈ ಹಬ್ಬಕ್ಕೆ ತಂದವು.

ಹಬ್ಬದ ಸಿಹಿಗಳಲ್ಲಿ ಕೆಲವು ಗೋವಾದ ದಾರಿಯಾಗಿ ಬಂದವು. ಅಲ್ಲಿ ಇಂಥ ತಿಂಡಿಯ ತಟ್ಟೆಯನ್ನು ಕೊನ್ಸುವಾದ್ ಎನ್ನುತ್ತಾರೆ, ಅದನ್ನು ನೆರೆಹೊರೆಗೆ ಕೊಡುವುದೇ ಅದರ ಪ್ರಯೋಜನ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರುಮರ ನಮ್ಮ ಗುಡ್ಡಗಳಲ್ಲಿ ಬೇರೂರಿತು. ಇಂದು ಅದರ ಸಂಶೋಧನೆಗೆಂದೇ ಪುತ್ತೂರಿನಲ್ಲಿ ಕೇಂದ್ರ ಸರಕಾರದ ನಿರ್ದೇಶನಾಲಯವಿದೆ. ಯುರೋಪಿನವರು ಬದಾಮಿಯಿಂದ ಮಾಡುವ ಮಾರ್ಜಿಪಾನನ್ನು ನಮ್ಮ ತಾಯಂದಿರು ಗೇರುಬೀಜದಿಂದ ಮಾಡುತ್ತಾರೆ. ಜಾಕೋಬಾ ಅಮ್ಮನವರ ತಿಂಡಿಯನ್ನು ಇಲ್ಲಿ ಮಾಡುವುದಾದರೆ ಒರಳಿಗೆ ಬೀಳುವುದು ಗೇರುಬೀಜವೇ.

ನಮ್ಮ ತಟ್ಟೆಗಳು ಎಲ್ಲಿಗೆ?

ನಮ್ಮ ಹಿರಿಯರು ಕುಸ್ವಾರನ್ನು ತಮ್ಮವರಿಗೆ ಮಾತ್ರ ಕೊಟ್ಟವರಲ್ಲ. ಹಿಂದೂ, ಮುಸ್ಲಿಂ, ಜೈನ ನೆರೆಹೊರೆಯ ಮನೆಗಳಿಗೆ ತಟ್ಟೆ ಹೋಗುತ್ತಿತ್ತು. ದೀಪಾವಳಿಗೂ ಈದಿಗೂ ಆ ಮನೆಗಳಿಂದ ತಿಂಡಿ ಬರುತ್ತಿತ್ತು. ಅನೇಕ ಕಡೆ ಈ ಸೌಹಾರ್ದ ಇನ್ನೂ ಉಳಿದಿದೆ, ಉಳಿಯಬೇಕು. ಆದರೆ ಕಾಲ ಬದಲಾದಂತೆ ಕುಸ್ವಾರು ಬೇಕರಿಯ ಪೆಟ್ಟಿಗೆಯಲ್ಲಿ ಬರತೊಡಗಿದೆ. ಕೊಳ್ಳುವುದು ತಪ್ಪಲ್ಲ. ದುಡಿಯುವ ತಾಯಂದಿರಿಗೆ ಅದು ಅನುಕೂಲವೇ. ಕೊಂಡ ಪೆಟ್ಟಿಗೆಗಳನ್ನು ಎಣಿಸಿ, ಕೊಟ್ಟವರಿಗಷ್ಟೇ ಕೊಡುವ ಲೆಕ್ಕಾಚಾರ ಅದರ ಜೊತೆಗೆ ಬಂದರೆ ಮಾತ್ರ ನಷ್ಟ ನಮ್ಮದು.

ಎಣಿಕೆಗೆ ಸಿಗದವರು ನಮ್ಮ ನಡುವೆ ಇದ್ದಾರೆ. 1964ರ ಒಪ್ಪಂದದಂತೆ ಶ್ರೀಲಂಕೆಯಿಂದ ಮರಳಿ, ಸುಳ್ಯ, ಪುತ್ತೂರು, ಕಡಬ ಭಾಗದ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕಾರ್ಮಿಕ ಕುಟುಂಬಗಳಿವೆ. ಅವರು ಹಾಲು ತೆಗೆಯುವ ಮರಗಳ ಪಕ್ಕದ ರಸ್ತೆಯಲ್ಲೇ ನಾವು ನಡುರಾತ್ರಿಯ ಬಲಿಪೂಜೆಗೆ ಹೋಗುತ್ತೇವೆ. ಜಾರ್ಖಂಡ್, ಒಡಿಶಾ, ಅಸ್ಸಾಮುಗಳಿಂದ ಬಂದು ಅಡಿಕೆ ತೋಟಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ಯುವಕರಿದ್ದಾರೆ. ಅವರಲ್ಲಿ ಕ್ರೈಸ್ತರೂ ಇದ್ದು, ಮನೆಯವರಿಂದ ದೂರವಾಗಿ ಬಾಡಿಗೆಯ ಕೋಣೆಯಲ್ಲಿ ಕ್ರಿಸ್ಮಸ್ ಕಳೆಯುತ್ತಾರೆ. ಮಕ್ಕಳು ಗಲ್ಫಿನಲ್ಲೋ ಕೆನಡಾದಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರಿದ್ದಾರೆ. ಅವರಿಗೆ ಸಿಹಿಗೆ ಕೊರತೆಯಿಲ್ಲ, ಸಕ್ಕರೆ ಕಾಯಿಲೆಯಿಂದ ತಿನ್ನಲೂ ಆಗದಿರಬಹುದು. ತಟ್ಟೆ ತಂದವರು ಅರ್ಧ ಗಂಟೆ ಕುಳಿತು ಮಾತನಾಡುವುದೇ ಅವರಿಗೆ ಹಬ್ಬ. ಆ ವರ್ಷ ಸಾವು ಕಂಡು, ತಿಂಡಿ ಮಾಡದೆ ಸುಮ್ಮನಿರುವ ಮನೆಗಳಿವೆ. ಸಾಲ ತೀರಿಸಲಾರದೆ ನೆಂಟರ ಮುಖ ತಪ್ಪಿಸುವ ಮನೆಗಳಿವೆ.

ಇವರಿಗೆಲ್ಲ ಒಂದು ಪೆಟ್ಟಿಗೆ ತಲುಪಿಸಿ ಬಂದರೆ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸುಲಭ. ಸಂತ ಫ್ರಾನ್ಸಿಸರ ಬಾಳು ಅದಕ್ಕಿಂತ ಒಂದು ಹೆಜ್ಜೆ ಮುಂದಿನದನ್ನು ಕೇಳುತ್ತದೆ. ಹಸಿದ ಸೋದರನೊಡನೆ ನಡುರಾತ್ರಿ ತಾವೂ ಉಂಡವರು ಅವರು. ರೋಗಿಗೆ ದ್ರಾಕ್ಷಿ ಕೊಡಿಸುವ ಮುನ್ನ ತಾವೇ ತಿಂದು ತೋರಿದವರು. ಮರಣಶಯ್ಯೆಯಲ್ಲಿ ಸಿಹಿಯನ್ನು ಕೇಳಿ ಪಡೆಯಲು ನಾಚಿಕೊಳ್ಳದವರು. ಕೊಡುವುದರ ಜೊತೆಗೆ ಪಡೆಯುವುದನ್ನೂ ಬಲ್ಲವರೊಡನೆ ಮಾತ್ರ ಪಡೆಯುವವನು ತಲೆಯೆತ್ತಿ ಕೂರಬಲ್ಲನು. ಆದುದರಿಂದ ತೋಟದ ಲೈನ್ ಮನೆಗೆ ತಟ್ಟೆ ಹಿಡಿದು ಹೋದಾಗ ಅವರು ಕೊಟ್ಟ ಒಂದು ಲೋಟ ಚಹಾವನ್ನು ಅವರ ಜಗಲಿಯಲ್ಲಿ ಕುಳಿತು ಕುಡಿದು ಬರುವುದೂ ಕ್ರಿಸ್ಮಸಿನ ಆಚರಣೆಯ ಅಂಗವೇ.

ಮಕ್ಕಳಿಗೂ ಈ ಕೆಲಸದಲ್ಲಿ ಪಾಲಿರಲಿ. ಜಾಮ್ ಬಿಸ್ಕತ್ತಿನ ಹಿಟ್ಟು ಕತ್ತರಿಸುವ, ಎರಡು ಬಿಲ್ಲೆಗಳನ್ನು ಜೋಡಿಸುವ ಕೆಲಸ ಅವರಿಗೆ ಇಷ್ಟ. ಯಾರ ಮನೆಗೆ ಕೊಡೋಣವೆಂದು ಅವರನ್ನೇ ಕೇಳಿದರೆ, ನಮಗೆ ಮರೆತುಹೋದ ಹೆಸರೊಂದನ್ನು ಅವರು ಹೇಳಬಹುದು: ತರಗತಿಯಲ್ಲಿ ಪಕ್ಕದಲ್ಲಿ ಕೂರುವ, ಹಬ್ಬದ ಬಟ್ಟೆಯಿಲ್ಲದ ಗೆಳೆಯನದೋ, ಶಾಲಾ ವಾಹನದ ಚಾಲಕನದೋ. ಆ ಹೆಸರಿನ ತಟ್ಟೆಯನ್ನು ಮೊದಲು ತುಂಬೋಣ. ಗೋದಲಿಯ ಮುಂದೆ ಒಂದು ಹಿಡಿ ಹುಲ್ಲಿಡುವಾಗ ಹಟ್ಟಿಯ ದನಕ್ಕೂ ಒಂದು ಹಿಡಿ ಹೆಚ್ಚು ಹಾಕೋಣ, ಅಂಗಳದ ಹಕ್ಕಿಗಳಿಗೆ ನಾಲ್ಕು ಕಾಳು ಚೆಲ್ಲೋಣ. ಎಂಟು ಶತಮಾನಗಳ ಹಿಂದೆ ಬಡಸಂತರು ಚಕ್ರವರ್ತಿಯಿಂದ ಬೇಡಬಯಸಿದ ಶಾಸನ ಎಲ್ಲಿಯೂ ಜಾರಿಗೆ ಬಂದಂತಿಲ್ಲ. ನಮ್ಮ ಮನೆಗಳಲ್ಲಿ ಅದನ್ನು ಜಾರಿಗೆ ತರಲು ಯಾವ ಚಕ್ರವರ್ತಿಯ ಅಪ್ಪಣೆಯೂ ಬೇಕಾಗಿಲ್ಲ.